ನಕಾಶೆಯೊಳಗಿನ ಕಾಲುದಾರಿ

ನಮ್ಮ ಆಯಿ ಓದಿದ್ದು ನಾಲ್ಕನೆಯ ಇಯತ್ತೆ. ಇಯತ್ತೆ ಎಂಬ ಮಾತು ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೆಳಗಿದ್ದ ಕಾಲದಲ್ಲಿ ತರಗತಿಗೆ ಇದ್ದ ಹೆಸರು ಅದು. ಮುದುಕರ ಬಾಯಲ್ಲಿ ಮಾತ್ರ ಇನ್ನೂ ಉಳಿದಿದೆ. ಆ ನಾಲ್ಕು ವರ್ಷಗಳಲ್ಲಿ ಆಯಿ ನೋಡಿದ್ದು ಒಂದೇ ಒಂದು ನಕಾಶೆ, ಶಾಲೆಯ ಗೋಡೆಗೆ ತೂಗುಹಾಕಿದ್ದ ಹಿಂದುಸ್ತಾನದ್ದು. ಅದರಲ್ಲಿ ನಮ್ಮ ಊರು ಎಲ್ಲಿದೆ ಎಂದು ಕೇಳಿದ್ದಕ್ಕೆ ಮಾಸ್ತರು ಕೋಲಿನ ತುದಿಯಿಂದ ಎಲ್ಲೋ ಒಂದು ಕಡೆ ಮುಟ್ಟಿ ತೋರಿಸಿದ್ದರಂತೆ. ಆ ಕೋಲಿನ ತುದಿಯ ಕೆಳಗೆ ಇಡೀ ಜಿಲ್ಲೆಯೇ ಮುಚ್ಚಿಹೋಗಿತ್ತು.

ಅಂಥ ಆಯಿ ಹೋದ ಮಳೆಗಾಲದಲ್ಲಿ ಕನ್ನಡಕ ಏರಿಸಿಕೊಂಡು ನನ್ನ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಪರದೆಯ ಮೇಲೆ ನಾನೇ ಜೋಡಿಸಿದ ನಮ್ಮ ಊರಿನ ನಕಾಶೆ ಇತ್ತು. ಮೂರು ವಾರ ರಾತ್ರಿ ಕೂತು ಮಾಡಿದ ಕೆಲಸ. ಆಯಿ ಒಂದು ನಿಮಿಷ ನೋಡಿ, ಬೆರಳು ಇಟ್ಟು, "ತಪ್ಪಾತಲೇ ಕೂಸೇ. ನಮ್ಮ ಅಡುಗೆಮನೆ ಒಳಗೆ ಯಾರು ನಡೆದು ಹೋಗ್ತ?" ಎಂದಳು. ನೋಡಿದರೆ ಹೌದು. ನಾನು ಕೆಂಪು ಚುಕ್ಕಿಗಳಲ್ಲಿ ತೋರಿಸಿದ್ದ ಕಾಲುದಾರಿ ಗುಡ್ಡದಿಂದ ಇಳಿದು, ಅಂಗಳ ದಾಟಿ, ನೇರವಾಗಿ ನಮ್ಮ ಒಲೆಯ ಮೇಲೆಯೇ ಹಾದು ತೋಟಕ್ಕೆ ಇಳಿದಿತ್ತು!

ಆ ತಪ್ಪಿಗೆ ಕಾರಣ ನಾನಲ್ಲ, ಸುಮಾರು ಇನ್ನೂರು ವರ್ಷದ ಹಿಂದಿನ ಒಬ್ಬ ದೊಡ್ಡ ಮನುಷ್ಯ ಎಂದು ಆಮೇಲೆ ಗೊತ್ತಾಯಿತು. ಅದನ್ನು ಹೇಳುವ ಮೊದಲು ಈ ವಯಸ್ಸಿನಲ್ಲಿ ನಾನೇಕೆ ನಕಾಶೆ ಮಾಡಲು ಕೂತೆ ಎಂಬುದನ್ನು ಹೇಳಬೇಕು.

ನಾನು ಶಿರಸಿಯಲ್ಲಿ ಮನೆ ಮಾಡಿಕೊಂಡು, ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುವ ಸಮಾಜ ವಿಜ್ಞಾನದ ಟೀಚರು. ತವರುಮನೆ ಶಾಲೆಗೆ ಹತ್ತಿರ. ಎಂಟನೆಯ ತರಗತಿಯ ಒಬ್ಬ ಹುಡುಗಿ ಜೂನ್ ತಿಂಗಳಿಡೀ ತಡವಾಗಿ ಬರುತ್ತಿದ್ದಳು. ಮೊದಲ ಪಿರಿಯಡ್ ಮುಗಿಯುವ ಹೊತ್ತಿಗೆ, ಮೊಣಕಾಲ ತನಕ ಕೆಸರು, ಲಂಗದ ಅಂಚಿನಲ್ಲಿ ಉಂಬಳ ಕಚ್ಚಿದ ರಕ್ತ. ಬೈದೆ ಕೂಡ. ಒಂದು ದಿನ ಕೇಳಿದ್ದಕ್ಕೆ, "ಟೀಚರ್, ದಾರಿಗೆ ಗೇಟು ಹಾಕಿದಾರೆ. ಸುತ್ತು ಹಾಕಿ ಬರೂದು" ಎಂದಳು. ಯಾರು ಹಾಕಿದ್ದು ಎಂದರೆ ತಲೆ ತಗ್ಗಿಸಿದಳು. ಪಕ್ಕದ ಹುಡುಗ ಹೇಳಿಬಿಟ್ಟ. ಗೇಟು ಹಾಕಿದ್ದು ನನ್ನ ತಮ್ಮ.

ಇದರಲ್ಲಿ ನನ್ನ ತಮ್ಮ ದುಷ್ಟನೆಂದು ತಿಳಿಯಬೇಡಿ. ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟಕ್ಕೆ ಅವನು ತಂತಿಬೇಲಿ ಹಾಕಿ ಕಬ್ಬಿಣದ ಗೇಟು ಇಟ್ಟದ್ದಕ್ಕೆ ಅವನ ಕಾರಣ ಇತ್ತು. ಹಂದಿಯ ಕಾಟ, ಬಿಡಾಡಿ ದನದ ಕಾಟ, ಎರಡು ವರ್ಷದ ಹಿಂದೆ ಕೊಯ್ದಿಟ್ಟ ಅಡಿಕೆ ರಾತ್ರೋರಾತ್ರಿ ಮಾಯವಾದದ್ದು. ಆದರೆ ಆ ಬೆಟ್ಟದ ಆಚೆ ಒಂದು ಕೇರಿ ಇದೆ. ಒಂಬತ್ತು ಮನೆ. ಅವರು ತಲೆತಲಾಂತರದಿಂದ ನಮ್ಮ ಬೆಟ್ಟದ ಮೇಲೇ ನಡೆದು ರಸ್ತೆಗೆ ಬರುತ್ತಿದ್ದರು. "ಅಲ್ಲಿ ದಾರಿ ಇತ್ತು ಹೇಳಿ ಎಲ್ಲಿ ಬರೆದಿದ್ದು? ತೋರಿಸು ನೋಡ್ವ" ಎಂದು ತಮ್ಮ ಕೇಳಿದ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ದಾಖಲೆ ಎಲ್ಲಿದೆ ಎಂದು ಕೇಳಿದರೆ ಸುಮ್ಮನಿರಲು ಆದೀತೇ?

ನಮ್ಮ ಸೀಮೆಯನ್ನು ಹೊರಗಿನವರು ಬಂದು ಬರೆದುಕೊಂಡು ಹೋದದ್ದು ಹಳೆಯ ಕತೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಕೈಗೆ ಬಂದ ನೆಲದಲ್ಲಿ ಏನೇನಿದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿದ. ಆತ 1801ರಲ್ಲಿ ನಮ್ಮ ಘಟ್ಟದ ಮೇಲಿನ ಸೀಮೆಯನ್ನು ಹಾದು ಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟದ ಪುಸ್ತಕವಾಯಿತು. ಅದರಲ್ಲಿ ನಮ್ಮ ಸೋದೆ 'ಸೂಂಡ' ಆಗಿದೆ, ಶಿರಸಿ 'ಸೆರ್ಸಿ' ಆಗಿದೆ. ಅಡಿಕೆ, ಮೆಣಸು, ತೆರಿಗೆ, ಜಾತಿ, ಮರ ಎಲ್ಲವನ್ನೂ ಕೇಳಿ ಕೇಳಿ ಬರೆದಿದ್ದಾನೆ. ಯಾರನ್ನು ಕೇಳಿದ? ಗಂಡಸರನ್ನು. ಅದರಲ್ಲಿಯೂ ಕರೆದಾಗ ಬಂದು ಎದುರು ನಿಂತ ಊರ ಮುಖ್ಯಸ್ಥರನ್ನು, ಅಧಿಕಾರಿಗಳನ್ನು. ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬಂದು, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ ಹೆಂಗಸನ್ನು ಅವನು ನೋಡಿಯೇ ಇರಬೇಕು. ಅವಳು ಯಾವ ದಾರಿಯಲ್ಲಿ ಬಂದಳೆಂದು ಮಾತ್ರ ಕೇಳಿದಂತಿಲ್ಲ.

ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇಡೀ ನೆಲವನ್ನು ತ್ರಿಕೋನಗಳಲ್ಲಿ ಅಳೆಯುವ ಕೆಲಸಕ್ಕೆ ಕೈ ಹಾಕಿದ. 1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಹತ್ತಿರ ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದು ಶುರುಮಾಡಿದ. ಒಂದು ಬದಿ ಗೊತ್ತಾದರೆ, ಕೋನಗಳನ್ನು ಅಳೆದು ಉಳಿದೆರಡು ಬದಿಗಳನ್ನು ಲೆಕ್ಕದಿಂದಲೇ ಕಂಡುಹಿಡಿಯಬಹುದು. ಒಂಬತ್ತನೆಯ ತರಗತಿಯಲ್ಲಿ ನಮ್ಮನ್ನೆಲ್ಲ ಅಳಿಸಿದ ಅದೇ ತ್ರಿಕೋನ. ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಟುತ್ತ ಅವನ ಜನ ಮಂಗಳೂರಿನ ಸಮುದ್ರದ ತನಕ ಬಂದರು. ಬಂದು ನೋಡಿದರೆ ಮದ್ರಾಸಿಗೂ ಮಂಗಳೂರಿಗೂ ನಡುವೆ ಇದ್ದದ್ದು 360 ಮೈಲಿ. ಹಳೆಯ ನಕಾಶೆಗಳಲ್ಲಿ 400 ಇತ್ತು. ನಲವತ್ತು ಮೈಲಿ ನೆಲ ಕಾಗದದ ಮೇಲೇ ಹುಟ್ಟಿ ಕಾಗದದ ಮೇಲೇ ಸತ್ತಿತು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಜಾರ್ಜ್ ಎವರೆಸ್ಟ್‌ನ ಕೈಗೆ ಬಂತು. ಶಿಖರಕ್ಕೆ ಹೆಸರು ಬಂದದ್ದು ಅವನದೇ. ನಮ್ಮ ಅಡುಗೆಮನೆಗೆ ದಾರಿ ನುಗ್ಗಿಸಿದವನೂ ಅವನೇ. ಅದು ಮುಂದೆ.

ಇವರೆಲ್ಲ ಗುಡ್ಡದ ತುದಿಯಿಂದ ನೋಡಿದವರು. ಗದ್ದೆಗೆ ಇಳಿದು, ಇದು ಯಾರದು, ಅದು ಯಾರದು ಎಂದು ಅಳೆದದ್ದು ಕಂದಾಯದವರು. ಕೆನರಾ ಎಂಬ ಒಂದೇ ದೊಡ್ಡ ಜಿಲ್ಲೆಯನ್ನು ಸೀಳಿ, ಉತ್ತರ ಭಾಗವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕಿತ್ತು ಎಂಬುದು ಅದರ ಹಿಂದಿನ ವ್ಯಾಪಾರದ ಮಾತು. ಹಾಗಾಗಿ ನಮಗೆ ಮುಂಬಯಿಯ ಮೋಜಣಿ ಪದ್ಧತಿ ಬಂತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು 1836ರಲ್ಲಿ ಪುಣೆಯ ಹತ್ತಿರದ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿ ಅದು. ಅವರ ಸರಪಳಿ 33 ಅಡಿ ಉದ್ದ. ಅದಕ್ಕೆ ಹದಿನಾರು ಭಾಗ, ಒಂದೊಂದಕ್ಕೂ ಆಣೆ ಎಂದು ಹೆಸರು, ರೂಪಾಯಿಯ ಹಾಗೆಯೇ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಪೇಟೆಯಲ್ಲಿ ಮೂವತ್ತು ನಲವತ್ತರ ಸೈಟಿಗೆ ಸಾಲ ತೆಗೆದ ನನ್ನ ಓದುಗರು ತಮ್ಮ ಸೈಟು ಒಂದು ಗುಂಟೆಗಿಂತ ತುಸುವೇ ದೊಡ್ಡದು ಎಂದು ತಿಳಿದು ಸಮಾಧಾನಪಡಬಹುದು.

ಆ ಮೋಜಣಿಯಿಂದಲೇ ನಮ್ಮ ಗ್ರಾಮ ನಕಾಶೆಗಳು ಹುಟ್ಟಿದವು. ಸರ್ವೆ ನಂಬರು, ಹಿಸ್ಸಾ, ಪೋಡಿ, ಆಕಾರಬಂದು, ಟಿಪ್ಪಣಿ ಎಂದು ಅಪ್ಪಯ್ಯ ದಾವೆಯ ದಿನಗಳಲ್ಲಿ ಜಪಿಸುತ್ತಿದ್ದ ಮಂತ್ರಗಳೆಲ್ಲ ಅಲ್ಲಿಯವೇ. ನಮ್ಮ ಮೂರು ತಾಲೂಕುಗಳಿಗೆ ವಿಶೇಷವಾದ ಇನ್ನೊಂದು ಗೆರೆಯೂ ಇದೆ, ಸೊಪ್ಪಿನಬೆಟ್ಟದ ಗೆರೆ. ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಕಾಡು ಬೇಕು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟ ಎಂದು ಇಂಗ್ಲಿಷರ ಕಾಲದಲ್ಲಿ ಲೆಕ್ಕ ಹಾಕಿ ಬಿಟ್ಟರು. ನೆನಪಿಡಿ, ಬಿಟ್ಟದ್ದು ಸೊಪ್ಪು, ದರಕು, ಉರುವಲಿನ ಸವಲತ್ತನ್ನು. ನೆಲ ಸರಕಾರದ್ದು. ನನ್ನ ತಮ್ಮನಿಗೂ ಇದು ಗೊತ್ತು. ಆದರೆ ನಾಲ್ಕು ತಲೆಮಾರು ಸೊಪ್ಪು ಕಡಿದ ಬೆಟ್ಟ ನಮ್ಮದಲ್ಲ ಎಂದು ಮನಸ್ಸು ಒಪ್ಪುವುದು ಕಷ್ಟ. ನನ್ನದೂ ಒಪ್ಪಿರಲಿಲ್ಲ.

ಈಗ ದಾಖಲೆ ಹುಡುಕುವ ಕೆಲಸ. ಮೊದಲು ನೆನಪಾದದ್ದು ಸರ್ವೆ ಆಫ್ ಇಂಡಿಯಾದ ಹಾಳೆ. 1767ರಲ್ಲಿ ಬಂಗಾಳದಲ್ಲಿ ಹುಟ್ಟಿದ ಸಂಸ್ಥೆ ಅದು. ಇಡೀ ದೇಶವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ನಂಬರು ಕೊಟ್ಟಿದ್ದಾರೆ. ನಮ್ಮ ಕಡೆಯದು 48 ಜೆ. ಅದರೊಳಗೆ ಯಲ್ಲಾಪುರ 9ನೆಯ ಹಾಳೆ, ಶಿರಸಿ 14, ಸಿದ್ದಾಪುರ 15. ಒಂದೊಂದು ಹಾಳೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಹಳೆಯವು ಒಂದು ಇಂಚಿಗೆ ಒಂದು ಮೈಲಿ. ದೇವಸ್ಥಾನ, ಕೆರೆ, ಬಾವಿ, ಕಾಲುಸಂಕ, ಕಾಲುದಾರಿ ಎಲ್ಲಕ್ಕೂ ಅದರಲ್ಲಿ ಗುರುತು ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಲ್ಲಾಪುರ ತಾಲೂಕಿನ ಶಾಲೆಯೊಂದರಲ್ಲಿದ್ದಾಗ, ಭೂಗೋಳ ಪಾಠಕ್ಕೆಂದು ನಮ್ಮ ಊರಿನ ಹಾಳೆ ಬೇಕೆಂದು ಒಂದು ಕಚೇರಿಗೆ ಬರೆದಿದ್ದೆ. ಕೊಡಲು ಬರುವುದಿಲ್ಲ, ಅದು ನಿರ್ಬಂಧಿತ ಎಂದು ಉತ್ತರ ಬಂತು. ದೇಶದ ಗಡಿ ಮತ್ತು ಕರಾವಳಿಗೆ ಹತ್ತಿರದ ಪಟ್ಟಿಯ ಹಾಳೆಗಳು ಸಾಮಾನ್ಯರಿಗೆ ಸಿಗುತ್ತಿರಲಿಲ್ಲ, ಶತ್ರುವಿನ ಕೈಗೆ ಬಿದ್ದೀತೆಂಬ ಭಯ. ತಮಾಷೆಯೆಂದರೆ, ಅಮೆರಿಕದ ಸೇನೆ ಇವೇ ಹಾಳೆಗಳನ್ನು ಆಧರಿಸಿ 1950ರ ದಶಕದಲ್ಲಿ ಭಾರತದ ನಕಾಶೆಗಳನ್ನು ಮುದ್ರಿಸಿತ್ತು. ಅವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಕಂಪ್ಯೂಟರಿಗೆ ಏರಿಸಿ ಜಗತ್ತಿಗೆಲ್ಲ ಬಿಟ್ಟಿಯಾಗಿ ಕೊಟ್ಟಿತು. ಯಲ್ಲಾಪುರದ ಟೀಚರಿಗೆ ಯಲ್ಲಾಪುರದ ನಕಾಶೆ ಇಲ್ಲ, ಟೆಕ್ಸಾಸಿನವರಿಗೆ ಇದೆ!

ಆ ಅಮೆರಿಕದ ನಕಾಶೆಯಲ್ಲಿ ನಮ್ಮ ಜಿಲ್ಲೆಯನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹುಡುಕಿದ್ದು ಸೂಪಾವನ್ನು. ಸೂಪಾ ಎಂದರೆ ತಾಲೂಕಿನ ಊರು, ಕಾಳಿ ನದಿಯ ಬದಿಗೆ. 1980ರ ದಶಕದಲ್ಲಿ ಅಣೆಕಟ್ಟಿನ ನೀರು ಅದನ್ನು ನುಂಗಿತು, ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಹೊಸ ನಕಾಶೆಯಲ್ಲಿ ಅಲ್ಲಿ ಬರೀ ನೀಲಿ. ನೀಲಿ ಬಣ್ಣದ ಕೆಳಗೆ ಅಂಗಡಿಬೀದಿ ಇತ್ತು, ಬಾವಿಕಟ್ಟೆ ಇತ್ತು ಎಂದು ನೀಲಿ ಹೇಳುವುದಿಲ್ಲ.

ಕಾಲ ಬದಲಾಯಿತು. 2005ರಲ್ಲಿ ಹೊಸ ನಕಾಶೆ ನೀತಿ ಬಂದು, ಸೇನೆಗೊಂದು ಸರಣಿ, ಸಾರ್ವಜನಿಕರಿಗೊಂದು ಸರಣಿ ಎಂದಾಯಿತು. 2009ರಲ್ಲಿ ಇಸ್ರೋ 'ಭುವನ್' ತೆರೆದು ಉಪಗ್ರಹದ ಚಿತ್ರಗಳನ್ನು ಎಲ್ಲರ ಮುಂದಿಟ್ಟಿತು. 2017ರಲ್ಲಿ, ತನ್ನ 250ನೆಯ ವರ್ಷದಲ್ಲಿ, ಸರ್ವೆ ಆಫ್ ಇಂಡಿಯಾ ಆಧಾರ್ ನಂಬರು ಕೊಟ್ಟವರಿಗೆ ಹಾಳೆಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರುವರಿಯಲ್ಲಿ ನಕಾಶೆ ಮಾಡುವುದಕ್ಕೆ ಇದ್ದ ಪರವಾನಿಗೆಗಳನ್ನೇ ಬಹುಮಟ್ಟಿಗೆ ತೆಗೆದುಹಾಕಿದರು. ನಮ್ಮ ರಾಜ್ಯದ ಕಂದಾಯ ಇಲಾಖೆಯೂ ಗ್ರಾಮ ನಕಾಶೆಗಳನ್ನು ಕಂಪ್ಯೂಟರಿಗೆ ಹಾಕಿತು. 2018ರಲ್ಲಿ 'ದಿಶಾಂಕ್' ಬಂತು. ಮೊಬೈಲು ಹಿಡಿದು ಗದ್ದೆಯಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ. ಅಪ್ಪಯ್ಯ ಇದ್ದಿದ್ದರೆ ಅದನ್ನು ಹಿಡಿದು ದಿನವಿಡೀ ಬೇಲಿಯ ಬದಿಯಲ್ಲೇ ತಿರುಗುತ್ತಿದ್ದರು.

ನಮ್ಮ ಜಿಲ್ಲೆಯ ಜನಕ್ಕೆ ನಕಾಶೆಯ ಬಿಸಿ ತಟ್ಟಿದ್ದು ಮಾತ್ರ ಬೇರೆ ಕಾರಣಕ್ಕೆ. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಉಪಗ್ರಹದ ಚಿತ್ರ ನೋಡಿ ಗುರುತಿಸಿತು. ಕರ್ನಾಟಕದ 1,576 ಹಳ್ಳಿಗಳ ಪಟ್ಟಿ ಬಂತು, ನಮ್ಮ ಹಳ್ಳಿಗಳೂ ಅದರಲ್ಲಿದ್ದವು. ಹಳ್ಳಿಯಲ್ಲಿ ಶೇಕಡಾ 20ರಷ್ಟು ಅಂಥ ನೆಲ ಇದ್ದರೆ ಇಡೀ ಹಳ್ಳಿಯೇ ಪಟ್ಟಿಗೆ. ಮೇಲಿನಿಂದ ನೋಡಿದರೆ ಅಡಿಕೆ ತೋಟಕ್ಕೂ ಕಾಡಿಗೂ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಆಗ ಶಿರಸಿಯ ಪ್ರತಿ ಅಂಗಡಿಕಟ್ಟೆಯಲ್ಲಿ ವಾದ ನಡೆಯಿತು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಲಕಣಿಯ ಹೆಂಗಸರು ಗಂಡಸರು ಮರ ಅಪ್ಪಿ ನಿಂತ ತಾಲೂಕು ನಮ್ಮದು. ಆದರೆ ಊರಿನ ಮೇಲೆ ಗೆರೆ ಬಿದ್ದಿದೆಯೋ ಇಲ್ಲವೋ ಎಂದು ಊರವರೇ ತೆರೆದು ನೋಡುವ ಅಭ್ಯಾಸ ಇಲ್ಲದಿದ್ದರಿಂದ, ಹೆದರಿಸುವವರಿಗೆ ಆಗ ಸುಗ್ಗಿಯಾಯಿತು.

ನನ್ನ ಮಗಳು ಪರಿಸರ ವಿಷಯದಲ್ಲಿ ಸಂಶೋಧನೆ ಮಾಡುತ್ತಾಳೆ. ಗೇಟಿನ ವಿಷಯ ಹೇಳಿದಾಗ ಅವಳು, "ಅಮ್ಮಾ, ಅಷ್ಟೆಲ್ಲ ನಕಾಶೆ ಇಟ್ಟುಕೊಂಡು ಅಳುವುದೇಕೆ, ಒಂದರ ಮೇಲೊಂದು ಇಟ್ಟು ನೋಡು" ಎಂದು ನನ್ನ ಲ್ಯಾಪ್‌ಟಾಪಿಗೆ ಒಂದು ತಂತ್ರಾಂಶ ಹಾಕಿಕೊಟ್ಟಳು. ಕ್ಯೂಜಿಐಎಸ್ ಎಂದು ಅದರ ಹೆಸರು. 2002ರಲ್ಲಿ ಅಲಾಸ್ಕದ ಗ್ಯಾರಿ ಶೆರ್ಮನ್ ಎಂಬಾತ ಬರೆಯಲು ಶುರುಮಾಡಿದ್ದಂತೆ. ಈಗ ಲೋಕದ ತುಂಬ ಇರುವ ಉತ್ಸಾಹಿಗಳು ಸೇರಿ ಬೆಳೆಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಆನ್‌ಲೈನ್ ಪಾಠದ ಕಾಲದಲ್ಲಿ ಕೊಂಡ ಆ ಲ್ಯಾಪ್‌ಟಾಪು ಆ ತನಕ ಅಂಕಪಟ್ಟಿಗೆ ಬಿಟ್ಟರೆ ಬೇರೆ ಕೆಲಸ ಕಂಡಿರಲಿಲ್ಲ.

ಅದು ಹೇಗೆ ಕೆಲಸ ಮಾಡುತ್ತದೆಂದು ನಿಮಗೆ ಹೇಳಬೇಕೆಂದರೆ ತೊಡದೇವು ನೆನೆಯಬೇಕು. ಕಬ್ಬಿನಹಾಲಿನ ಹಿಟ್ಟನ್ನು ಕಾದ ಮಡಕೆಯ ಬೆನ್ನಿಗೆ ಬಳಿದು ತೆಗೆದರೆ ಬರುತ್ತದಲ್ಲ, ಆಚೆಯ ಬೆಳಕು ಕಾಣುವಷ್ಟು ತೆಳು ಹಾಳೆ. ಹಾಗೆ ಒಂದೊಂದು ನಕಾಶೆಯನ್ನೂ ಒಂದು ಪಾರದರ್ಶಕ ಪದರ ಮಾಡಿ ಒಂದರ ಮೇಲೊಂದು ಇಡಬಹುದು. ಮೇಲಿನದನ್ನು ಮಸುಕು ಮಾಡಿದರೆ ಕೆಳಗಿನದು ಕಾಣುತ್ತದೆ. ಮೇಲೆ ನಮ್ಮದೇ ಒಂದು ಖಾಲಿ ಪದರ ಹಾಸಿ ಅದರಲ್ಲಿ ಬೇಕಾದ ಗೆರೆ, ಚುಕ್ಕೆ, ಹೆಸರು ಹಾಕಬಹುದು. ನನ್ನ ತವರು 14 ಮತ್ತು 15ನೆಯ ಹಾಳೆಗಳ ಅಂಚಿನಲ್ಲಿ ಬೀಳುತ್ತದೆ. ಮನೆ ಒಂದು ಹಾಳೆಯಲ್ಲಿ, ಬೆಟ್ಟದ ತಲೆ ಇನ್ನೊಂದರಲ್ಲಿ. ಕಾಗದದ ಮೇಲೆ ಎಂದೂ ಕೂಡದ ಅವೆರಡು ಪರದೆಯ ಮೇಲೆ ಅಂಟಿಕೊಂಡು ಕೂತದ್ದನ್ನು ನೋಡಿಯೇ ನನಗೆ ಅರ್ಧ ಸಂತೋಷವಾಯಿತು.

ಆದರೆ ಸ್ಕ್ಯಾನ್ ಮಾಡಿದ ಹಳೆಯ ಹಾಳೆ ಕಂಪ್ಯೂಟರಿಗೆ ಬರೀ ಒಂದು ಫೋಟೋ. ಅದರ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಇಂಥದ್ದು ಎಂದು ನಾವು ಹೇಳಿಕೊಡಬೇಕು, ಆಗ ಅದು ಭೂಮಿಯ ಮೇಲೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಸಿದ್ದಾಪುರದ ಹಿರಿಯರೊಬ್ಬರ ಅಟ್ಟದಲ್ಲಿ ಇಂಚು ಮೈಲಿಯ ಒಂದು ಹಳೆಯ ಹಾಳೆ ಸಿಕ್ಕಿತ್ತು, ಅಂಚನ್ನು ಗೆದ್ದಲು ತಿಂದದ್ದು. ಅದರಲ್ಲಿ ನಮ್ಮ ಬೆಟ್ಟದ ಮೇಲೆ ಚುಕ್ಕಿಚುಕ್ಕಿಯಾಗಿ ಕಾಲುದಾರಿ ಇತ್ತು! ಸಂಭ್ರಮದಿಂದ ಮೂಲೆಗಳನ್ನು ಹೇಳಿಕೊಟ್ಟು, ಆ ದಾರಿಯ ಮೇಲೆ ಕೆಂಪು ಗೆರೆ ಎಳೆದು, ಕೆಳಗೆ ಉಪಗ್ರಹದ ಚಿತ್ರ ಇಟ್ಟೆ. ಅದನ್ನೇ ಆಯಿ ತಪ್ಪು ಎಂದದ್ದು.

ಮಗಳಿಗೆ ಫೋನು ಮಾಡಿದರೆ ಅವಳು ನಕ್ಕಳು. ಭೂಮಿ ಸರಿಯಾದ ಗುಂಡಲ್ಲ, ತುಸು ಚಪ್ಪಟೆ. ಎಷ್ಟು ಚಪ್ಪಟೆ ಎಂದು ಎವರೆಸ್ಟ್ 1830ರಲ್ಲಿ ಒಂದು ಲೆಕ್ಕ ಕೊಟ್ಟ. ನಮ್ಮ ದೇಶದ ಹಳೆಯ ನಕಾಶೆಗಳೆಲ್ಲ ಅದೇ ಲೆಕ್ಕದ ಮೇಲೆ ನಿಂತಿವೆ. ಉಪಗ್ರಹಗಳು, ನಿಮ್ಮ ನಮ್ಮ ಮೊಬೈಲುಗಳು ನಂಬುವುದು 1984ರ ಇನ್ನೊಂದು ಲೆಕ್ಕವನ್ನು. ಎರಡಕ್ಕೂ ನಡುವೆ ನಮ್ಮ ಕಡೆ ನೂರು ಇನ್ನೂರು ಮೀಟರಿನ ವ್ಯತ್ಯಾಸ. ಈ ಹಾಳೆ ಎವರೆಸ್ಟ್‌ನದು ಎಂದು ಮೊದಲೇ ಹೇಳಿದ್ದರೆ ತಂತ್ರಾಂಶ ತಾನೇ ಸರಿಮಾಡಿಕೊಳ್ಳುತ್ತಿತ್ತು. ನಾನು ಹೇಳಿರಲಿಲ್ಲ. ಹೇಳಿದ ಮೇಲೆ ಕೆಂಪು ಗೆರೆ ಒಲೆ ಬಿಟ್ಟು ಎದ್ದು ಹಲಸಿನ ಮರದ ಬುಡಕ್ಕೆ ಹೋಗಿ ನಿಂತಿತು. ಆಯಿಗೆ ತೋರಿಸಿದೆ. "ಹಾಂ, ಈಗ ಸಮ. ಅದು ಹಲಸಿನ ಮರದ ಬುಡದಲ್ಲೇ ಹೋಗ್ತಿತ್ತು" ಎಂದಳು. ಎವರೆಸ್ಟ್ ಸಾಹೇಬನ ಲೆಕ್ಕವನ್ನು ನಾಲ್ಕನೆಯ ಇಯತ್ತೆಯವಳು ತಿದ್ದಿದ್ದು ಹೀಗೆ.

ಗ್ರಾಮ ನಕಾಶೆಯನ್ನು ಕೂರಿಸುವುದು ಇನ್ನೂ ಕಷ್ಟವಾಯಿತು. ಅದರಲ್ಲಿ ಅಕ್ಷಾಂಶವೇ ಇರಲಿಲ್ಲ. ಮೂರು ಊರಿನ ಗಡಿ ಸೇರುವ ಕಲ್ಲು, ಕೆರೆಯ ಏರಿಯ ಎರಡು ತುದಿ, ದೇವಸ್ಥಾನದ ಮೂಲೆ, ಹೀಗೆ ಎರಡೂ ಕಡೆ ಕಾಣುವ ಗುರುತುಗಳನ್ನು ಹಿಡಿದು ಕೂರಿಸಬೇಕು. ಅದರಲ್ಲಿಯೂ ದಾರಿ ಇತ್ತು, ನಮ್ಮ ಬೆಟ್ಟದ ಸರ್ವೆ ನಂಬರನ್ನು ಓರೆಯಾಗಿ ಸೀಳಿಕೊಂಡು. ಹೊಸ ಹಾಳೆಯಲ್ಲಿ ಮಾತ್ರ ಆ ದಾರಿ ಅರ್ಧಕ್ಕೇ ನಿಂತಿತ್ತು, ಕೇರಿಗೆ ಹೆಸರೇ ಇರಲಿಲ್ಲ.

ಹೆಸರಿಲ್ಲದ ಕೇರಿಗಳನ್ನು ನಾನು ಯಲ್ಲಾಪುರದಲ್ಲಿದ್ದಾಗಲೇ ಕಂಡಿದ್ದೆ. ಹಾಜರಿಪಟ್ಟಿಯಲ್ಲಿ ಎಲ್ಲ ಮಕ್ಕಳದೂ ಒಂದೇ ಗ್ರಾಮ, ಬರುವುದು ಮಾತ್ರ ಹದಿನಾರು ದಿಕ್ಕಿನಿಂದ. ಸಿದ್ದಿಯರ ಮನೆಗಳು ಕಾಡಿನೊಳಗೆ ಒಂದು ಕಡೆ, ಗೌಳಿಗರ ವಾಡೆ ಇನ್ನೊಂದು ಕಡೆ, ಕುಣಬಿಯರದ್ದು ಹಳ್ಳದ ಆಚೆ. ನಮ್ಮ ಸೀಮೆಯಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಕೂತ ಮನೆಗಳಲ್ಲ. ಒಂದು ಕಣಿವೆಗೆ ಎರಡು ಮನೆ, ಒಂದು ದಿಬ್ಬಕ್ಕೆ ಮೂರು. ಪ್ರತಿಯೊಂದಕ್ಕೂ ಅಲ್ಲಿಯವರು ಕರೆಯುವ ಹೆಸರಿದೆ. ಸರಕಾರದ ಪಟ್ಟಿಯಲ್ಲಿ ಅವೆಲ್ಲ ಒಂದು ಕಂದಾಯ ಗ್ರಾಮದ ಹೊಟ್ಟೆಯೊಳಗೆ ಕರಗಿಹೋಗಿವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದರಲ್ಲಿ ಯಾರು ಬೇಕಾದರೂ ತಮ್ಮ ಊರಿನ ಹೆಸರು ಬರೆಯಬಹುದು, ಕನ್ನಡದಲ್ಲಿಯೇ. ಬರೆಯುವವರು ಬೇಕಷ್ಟೆ.

ನನ್ನ ಖಾಲಿ ಪದರಕ್ಕೆ ಹೆಸರುಗಳನ್ನು ಹೇಳಿದವಳು ಆಯಿ. ಬಿಸಿಲು ಬಿದ್ದ ಒಂದು ಮಧ್ಯಾಹ್ನ ಜಗಲಿಯಲ್ಲಿ ಕವಳ ಹಾಕುತ್ತ ಶುರುಮಾಡಿದಳು. ಕೆಳಗಿನ ಜಡ್ಡಿ, ಹುಲಿಯಪ್ಪನ ಕಟ್ಟೆ, ಹೊರೆ ಇಳಿಸುವ ಕಲ್ಲು, ಅರಲುಗುಂಡಿ, ಮುರುಗಲ ಮರದ ಇಳಿತ. ಯಾವ ಪಹಣಿಯಲ್ಲೂ ಇಲ್ಲದ ಇಪ್ಪತ್ತಮೂರು ಹೆಸರು ಒಂದೇ ಬೆಟ್ಟದಲ್ಲಿ. ಹೊರೆ ಇಳಿಸುವ ಕಲ್ಲು ಎಂದರೆ ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳಲು ಬರುವಷ್ಟು ಎತ್ತರದ ಕಲ್ಲು. ಅದು ಎಷ್ಟು ಎತ್ತರ ಎಂದು ಆಯಿ ನಿಂತು ಎದೆಯ ಹತ್ತಿರ ಕೈ ಹಿಡಿದು ತೋರಿಸಿದಳು. ಸರ್ವೆಯವರು ಎತ್ತರವನ್ನು ಸಮುದ್ರದಿಂದ ಲೆಕ್ಕ ಹಾಕುತ್ತಾರೆ.

ಹಾಗೆ ಹೇಳುತ್ತ ಹೇಳುತ್ತ ಹುಲಿಯಪ್ಪನ ಕಟ್ಟೆಗೆ ಬಂದು ನಿಂತಳು. ಅಲ್ಲಿಯ ತನಕ ನನ್ನ ದೊಡ್ಡಪ್ಪ ಸೂಡಿ ಹಿಡಿದು ಹೋಗಿದ್ದರಂತೆ, ನಾನು ಹುಟ್ಟುವ ರಾತ್ರಿ. ಆರಿದ್ರಾ ಮಳೆ. ಹಳ್ಳ ಕಟ್ಟಿ, ಸಿದ್ದಾಪುರದ ಆಸ್ಪತ್ರೆಗೆ ಹೋಗುವ ಮಾತೇ ಇರಲಿಲ್ಲ. ಆಚೆ ಕೇರಿಯ ಸೂಲಗಿತ್ತಿಯನ್ನು ಕರೆಯಲು ಹೋದರೆ, ಆಕೆ ಸುದ್ದಿ ತಿಳಿದು ಆಗಲೇ ಹೊರಟು ಕಟ್ಟೆಯ ಹತ್ತಿರ ಗೊರಬು ಹೊತ್ತು ಎದುರಾದಳಂತೆ. ಬೆಟ್ಟದ ಆ ದಾರಿಯಲ್ಲಿ, ಆ ಮಳೆಯಲ್ಲಿ, ಒಬ್ಬಳೇ. "ಅದು ಬರದೇ ಇದ್ದಿದ್ರೆ ನೀನೂ ಇಲ್ಲೆ, ಆನೂ ಇಲ್ಲೆ" ಎಂದಳು ಆಯಿ. ಐವತ್ತು ವರ್ಷದಲ್ಲಿ ಈ ಮಾತನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ತಮ್ಮ ಹುಟ್ಟಿದ್ದು ಆಸ್ಪತ್ರೆಯಲ್ಲಿ.

ನಕಾಶೆಯನ್ನು ಶಿರಸಿಯ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿಕೊಂಡು ಹೋದೆ. ತಮ್ಮ ಅದನ್ನು ಊಟದ ಮಣೆಯ ಹಾಗೆ ನೆಲದ ಮೇಲೆ ಹಾಸಿ ಬಹಳ ಹೊತ್ತು ನೋಡಿದ. ನೋಡಿ, "ಅಕ್ಕಾ, ಬೇಲಿ ಹಾಕದೇ ಇದ್ರೆ ತೋಟ ಉಳಿಯದಿಲ್ಲೆ. ನೀನು ಶಿರಸಿಲಿ ಇರ್ತೆ, ನಿಂಗೆಂತ ಗೊತ್ತಿದ್ದು?" ಎಂದ. ಅದೂ ಸುಳ್ಳಲ್ಲ. ಮೊಬೈಲಿನಲ್ಲಿ ದಿಶಾಂಕ್ ತೆರೆದು, "ಇದರಲ್ಲಿ ನಮ್ಮ ಗಡಿ ಹತ್ತು ಅಡಿ ಆಚೆ ತೋರಿಸ್ತು. ಇದರ ಮಾತು ಕೇಳಲೆ ಬತ್ತೇ?" ಎಂದು ಕೇಳಿದ. ಬರುವುದಿಲ್ಲ. ಮೊಬೈಲಿನ ಅಳತೆ ಒಂದಷ್ಟು ಮೀಟರ್ ಆಚೀಚೆ ಆಗುತ್ತದೆ. ಗಡಿಯ ತಕರಾರಿಗೆ ಸರ್ವೆಯವರೇ ಬಂದು ಅಳೆಯಬೇಕು. ಹಳೆಯ ಹಾಳೆಯಲ್ಲಿ ದಾರಿ ಇದ್ದರೆ ಅಲ್ಲಿ ಜನ ನಡೆಯುತ್ತಿದ್ದರು ಎಂದಷ್ಟೇ ಅರ್ಥ. ನಡೆಯುವ ಹಕ್ಕು ಇದೆಯೋ ಇಲ್ಲವೋ ಎಂದು ಚುಕ್ಕಿಗಳು ಹೇಳುವುದಿಲ್ಲ. ಇದನ್ನೂ ಅವನಿಗೆ ಹೇಳಿದೆ. ದಾಖಲೆ ತೋರಿಸುವವಳು ದಾಖಲೆಯ ಮಿತಿಯನ್ನೂ ತೋರಿಸಬೇಕಲ್ಲ.

ಗ್ರಾಮ ಪಂಚಾಯತಿಗೆ ಕೊಡಲು ಇನ್ನೊಂದು ಪ್ರತಿ ಇತ್ತು, ಚೀಲದಲ್ಲಿಯೇ. ಅದನ್ನು ತಮ್ಮನಿಗೆ ತೋರಿಸಲಿಲ್ಲ. ಒಡಹುಟ್ಟಿದವನ ಮೇಲೆ ಅರ್ಜಿ ಕೊಡುವಷ್ಟು ಗಟ್ಟಿಗಿತ್ತಿ ನಾನು ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಆಯಿ ಒಳಗಿನಿಂದ ಬಂದು ಹಾಳೆಯ ಪಕ್ಕ ಕೂತು, ಹುಲಿಯಪ್ಪನ ಕಟ್ಟೆಯ ಮೇಲೆ ಬೆರಳಿಟ್ಟು, ಆ ರಾತ್ರಿಯ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ತಮ್ಮ ಏನೂ ಮಾತಾಡದೆ ಎದ್ದು ದನದ ಕೊಟ್ಟಿಗೆಗೆ ಹೋದ.

ದೀಪಾವಳಿಗೆ ಹೋದಾಗ ಬೆಟ್ಟ ಹತ್ತಿ ನೋಡಿದೆ. ಕಬ್ಬಿಣದ ಗೇಟು ಇತ್ತು, ಬೀಗವೂ ಇತ್ತು. ಅದರಿಂದ ಎರಡು ಮಾರು ಬಲಕ್ಕೆ ತಂತಿಯನ್ನು ಕತ್ತರಿಸಿ, ಎರಡು ಕಂಬ ನೆಟ್ಟು, ಅಡ್ಡಕ್ಕೆ ಮೂರು ಬಿದಿರು ಸಿಕ್ಕಿಸಿ ಉಣುಗೋಲು ಮಾಡಿದ್ದ. ದನ ನುಗ್ಗುವುದಿಲ್ಲ, ಮಕ್ಕಳು ಮೇಲಿನ ಬಿದಿರು ಸರಿಸಿ ದಾಟಬಹುದು. ಹೊರೆ ಹೊತ್ತವರಿಗೆ ತುಸು ಇರುಕು. ಮನೆಯಲ್ಲಿ ಈ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹುಡುಗಿ ಈಗ ಪ್ರಾರ್ಥನೆಗೆ ಬರುತ್ತಾಳೆ. ಆ ಸೂಲಗಿತ್ತಿ ಅವಳಿಗೆ ಏನಾಗಬೇಕೆಂದು ಕೇಳಿಲ್ಲ. ಒಂಬತ್ತು ಮನೆಯ ಕೇರಿ, ಏನೂ ಆಗದಿದ್ದರೇ ಆಶ್ಚರ್ಯ. ಕೇರಿಯ ಹೆಸರನ್ನು ನಕಾಶೆಯಲ್ಲಿ ಹೇಗೆ ಬರೆಯಬೇಕೆಂದು ಮಾತ್ರ ಅವಳನ್ನೇ ಕೇಳಿದೆ. ನಾನು ಇಷ್ಟು ದಿನ ಹೇಳುತ್ತಿದ್ದುದು ನಮ್ಮ ಮನೆಯವರು ಕರೆಯುವ ಹೆಸರು. ಅವರು ಕರೆಯುವುದು ಬೇರೆ. ಅವಳು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು, ಹ್ರಸ್ವವೋ ದೀರ್ಘವೋ ಎಂದು ಸ್ವಲ್ಪ ಯೋಚಿಸಿ.